ಮರಿಯಣ್ಣನಿಗೆ ಬಂದ ಸೊಲ್ಲು

ಕಣಕಟ್ಟೆಯಲ್ಲಿ ಬಸ್ಸಿಳಿದು ತೋಟದ ದಾರಿ ಹಿಡಿದರೆ ತೆಂಗಿನ ಮರಗಳ ನಡುವೆ ಒಂದು ಹೆಂಚಿನ ಮನೆ ಸಿಗುತ್ತದೆ. ಗೋಪುರವಿಲ್ಲ, ಬೋರ್ಡಿಲ್ಲ, ಹುಂಡಿಯಿಲ್ಲ. ಗೊತ್ತಿಲ್ಲದವರು ಯಾರೋ ಅನುಕೂಲಸ್ಥರ ತೋಟದ ಮನೆ ಎಂದುಕೊಂಡು ಮುಂದೆ ಹೋಗುತ್ತಾರೆ. ಒಳಗೆ ದೊಡ್ಡ ಅಂಗಳವಿದೆ. ಅಂಗಳದಾಚೆ ಕಿಟಕಿಯಿಲ್ಲದ ಒಂದು ಕೋಣೆ, ಅದಕ್ಕೆ ಹಲಸಿನ ಮರದ ದಪ್ಪ ಬಾಗಿಲು. ಇದು ಗುರುಮನೆ. ಇಲ್ಲಿ ಸೇರುವವರನ್ನು ಸುತ್ತಲಿನ ಊರಿನವರು ಕಿವಿಮಾತಿನ ಒಕ್ಕಲು ಎನ್ನುತ್ತಾರೆ.

ಆ ಹೆಸರು ಬಂದದ್ದು ಒಂದು ಸೊಲ್ಲಿನಿಂದ. ಅದು ಒಂದೇ ಪದವೋ, ಒಂದು ಸಾಲೋ, ಹೊರಗಿನವರಿಗೆ ತಿಳಿಯದು. ಅದನ್ನು ಯಾರೂ ಬರೆದಿಟ್ಟಿಲ್ಲ, ಬಹುಕಾಲ ಯಾರೂ ಗಟ್ಟಿಯಾಗಿ ಆಡಿರಲಿಲ್ಲ. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ, ಅಷ್ಟೆ. ಸೊಲ್ಲು ಪಡೆದವರು ಒಳಗಿನವರು, ಪಡೆಯದವರು ಹೊರಗಿನವರು. ಹೊರಗಿನವರೆಂದರೆ ಕೀಳು ಎಂಬ ಭಾವ ಅಲ್ಲಿ ನಾನು ಕಂಡಿಲ್ಲ. ನಾನೂ ಹೊರಗಿನವಳೇ. ನನ್ನ ತಾಯಿಯ ಜೊತೆ ಅಲ್ಲಿನ ಅಡುಗೆಗೆ ತರಕಾರಿ ಹೆಚ್ಚಲು ಹೋಗಲಾರಂಭಿಸಿದವಳು ಇಂದಿಗೂ ಅದೇ ಕೆಲಸಕ್ಕೆ ಹೋಗುತ್ತೇನೆ.

ವರ್ಷಕ್ಕೆ ಮೂರು ಕೂಟಗಳು ನಡೆಯುತ್ತವೆ. ಬಿತ್ತನೆ ಕೂಟದಲ್ಲಿ ಪ್ರತಿ ಮನೆಯವರೂ ಒಂದು ಹಿಡಿ ರಾಗಿ ಬೀಜ ತಂದು ಒಂದೇ ಮೊರಕ್ಕೆ ಸುರಿಯುತ್ತಾರೆ, ಹೋಗುವಾಗ ಬೆರೆತ ಬೀಜದಲ್ಲಿ ಒಂದು ಹಿಡಿ ಒಯ್ದು ತಮ್ಮ ಹೊಲದ ಮೊದಲ ಸಾಲಿಗೆ ಹಾಕುತ್ತಾರೆ. ತೆನೆ ಹಾಲು ಕಟ್ಟುವಾಗ ತೆನೆ ಕೂಟ. ಒಕ್ಕಣೆ ಮುಗಿದು ರಾಗಿ ಮನೆ ಸೇರಿದ ಮೇಲೆ ಕಣದ ಕೂಟ. ಮೂರರಲ್ಲೂ ಮುಖ್ಯವಾದ ಪೂಜೆ ಒಂದೇ. ಅದನ್ನು ಸೊಲ್ಲು ಸುತ್ತುವುದು ಎನ್ನುತ್ತಾರೆ. ಒಳಗಿನವರೆಲ್ಲ ಆ ಕತ್ತಲ ಕೋಣೆಯಲ್ಲಿ ಸುತ್ತಲೂ ಕೂರುತ್ತಾರೆ. ಗುರುಸ್ಥಾನದಲ್ಲಿರುವ ಅಮ್ಮ ತಮ್ಮ ಬಲಕ್ಕೆ ಕೂತವರ ಕಿವಿಯಲ್ಲಿ ಸೊಲ್ಲನ್ನು ಹೇಳುತ್ತಾರೆ, ಅವರು ಪಕ್ಕದವರಿಗೆ, ಅವರು ಇನ್ನೊಬ್ಬರಿಗೆ. ಕೊಬ್ಬರಿ ವ್ಯಾಪಾರಿಯ ಬಾಯಿಂದ ಕುರಿ ಕಾಯುವವನ ಕಿವಿಗೆ, ಅವನ ಬಾಯಿಂದ ಬಸ್ ಕಂಡಕ್ಟರನ ಕಿವಿಗೆ, ಅಲ್ಲಿಂದ ಕಾಫಿ ತೋಟದಲ್ಲಿ ಹಣ್ಣು ಬಿಡಿಸುವ ಹೆಂಗಸಿನ ಕಿವಿಗೆ. ಕೊನೆಯವರು ಅಮ್ಮನ ಎಡಗಿವಿಗೆ ಅದನ್ನು ಒಪ್ಪಿಸಬೇಕು. ಹೊರಟದ್ದು ಹೊರಟ ಹಾಗೇ ಮರಳಿದರೆ ಬಾಗಿಲು ತೆರೆಯುತ್ತದೆ. ಎಲ್ಲೋ ಒಂದು ಅಕ್ಷರ ಜಾರಿದರೆ ಮತ್ತೆ ಮೊದಲಿನಿಂದ.

ಬಾಗಿಲು ತೆರೆಯುವವರೆಗೆ ಅಂಗಳದಲ್ಲಿ ನಾವು ಮಾತಾಡುವುದಿಲ್ಲ. ಮಕ್ಕಳು ಕೂಡ ಅದು ಹೇಗೋ ಸುಮ್ಮನಾಗುತ್ತವೆ. ಮೊದಲೆಲ್ಲ ತೆಂಗಿನ ಗರಿಗಳ ಸದ್ದು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಯಾವ ಕಾಲದಲ್ಲೋ ಯಾರದೋ ಬಾಯಿಂದ ಹೊರಟ ಒಂದು ಮಾತು ಇವತ್ತಿನವರೆಗೆ ಹೊರಗಿನವರ ಕಿವಿಗೆ ಬೀಳದೆ, ಮನುಷ್ಯರಿಂದ ಮನುಷ್ಯರಿಗೆ ದಾಟುತ್ತ ಆ ಬಾಗಿಲ ಹಿಂದೆ ಓಡಾಡುತ್ತಿದೆ ಎಂದು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮರಿಯಣ್ಣ ಆ ಅಂಗಳದಲ್ಲಿ ನಮ್ಮ ಜೊತೆ ಕೂರುತ್ತಿದ್ದವನು. ಕೂಟದ ಹಿಂದಿನ ದಿನವೇ ಬಂದು ಸೌದೆ ಸೀಳುತ್ತಿದ್ದ, ಒಲೆಗೆ ಗುಂಡಿ ತೋಡುತ್ತಿದ್ದ, ಬಾವಿಯಿಂದ ನೀರು ತುಂಬುತ್ತಿದ್ದ. ಅವನ ಹೆಂಡತಿ ಬೀರಮ್ಮ ಒಳಗಿನವಳು. ಬಾಗಿಲು ಮುಚ್ಚುವಾಗ ಅವಳು ಒಮ್ಮೆ ಇವನ ಕಡೆ ನೋಡಿ ಒಳಗೆ ಹೋಗುವಳು. ಇವನು ಟವೆಲ್ಲಿನಿಂದ ಮುಖ ಒರೆಸಿಕೊಂಡು ಕಂಬಕ್ಕೆ ಒರಗುವನು. ನಮ್ಮಲ್ಲಿ ಕೆಲವರಿಗೆ ಸೊಲ್ಲು ಪಡೆಯುವ ಮನಸ್ಸಾಗಿರಲಿಲ್ಲ, ಕೆಲವರಿಗೆ ಅಮ್ಮ ಇನ್ನೂ ತಡೆ ಎಂದಿದ್ದರು. ಮರಿಯಣ್ಣನಿಗೆ ಮನಸ್ಸಿತ್ತು, ನಡತೆಯಿತ್ತು. ಅವನು ಹೊರಗುಳಿದದ್ದಕ್ಕೆ ಕಾರಣ ಒಂದೇ. ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಹುಟ್ಟಿನಿಂದ ಹಾಗಿದ್ದವನಲ್ಲ. ಜಾವಗಲ್ಲಿನ ಹತ್ತಿರ ಕುರಿ ಸಾಕುವ ಮನೆಯಲ್ಲಿ ಹುಟ್ಟಿದ. ಮಾತು ಕಲಿಯುವ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಿವಿ ಸೋರಿ, ಜ್ವರ ಇಳಿಯುವಾಗ ಕೇಳುವುದನ್ನೂ ಕರೆದುಕೊಂಡು ಹೋಯಿತು. ಅಷ್ಟರಲ್ಲಿ ಕಲಿತಿದ್ದ ನಾಲ್ಕಾರು ಮಾತು ಮಾತ್ರ ಉಳಿದವು. ಅವ್ವ, ನೀರು, ಬಾ, ಆಮೇಲೆ ಕುರಿ ಕರೆಯುವ ಒಂದು ಕೂಗು. ಆ ಮಾತುಗಳೂ ವರ್ಷ ಕಳೆದಂತೆ ಸವೆದು ಗುರುತು ಸಿಗದ ಹಾಗಾದವು. ಕೂಗು ಮಾತ್ರ ಹಾಗೇ ಇತ್ತು. ಅದನ್ನು ಕೇಳಿದರೆ ಮೂರು ಹೊಲದಾಚೆಯ ಕುರಿಯೂ ತಲೆ ಎತ್ತುತ್ತಿತ್ತಂತೆ.

ಬೀರಮ್ಮ ಬಿಕ್ಕೋಡಿನ ಕಡೆಯವಳು. ತಾಯಿ ಕಾಫಿ ತೋಟದ ಕೆಲಸದವಳು, ಅವಳೂ ಒಳಗಿನವಳೇ. ಮಗಳಿಗೆ ಮದುವೆಗೆ ಮೊದಲೇ ಸೊಲ್ಲು ಕೊಡಿಸಿದ್ದಳು. ಕಳೆದ ವರ್ಷ ಕಣದ ಕೂಟಕ್ಕೆ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಗಂಡನನ್ನು ಮೊದಲು ನೋಡಿದ್ದನ್ನು ಹೇಳಿ ನಗಿಸಿದಳು.

"ತೋಟದ ಹೆಂಗಸ್ರೆಲ್ಲ ಜೀಪಲ್ಲಿ ಹಳೇಬೀಡಿಗೆ ಹೋಗಿದ್ವು ಕಣಕ್ಕ. ಅಲ್ಲಿ ಗ್ವಾಡೆ ಮ್ಯಾಲೆ ಕಲ್ಲಿನ ಮದ್ದಲೆಯವ್ನು ಇದಾನಲ್ಲ, ಅವನ ಮುಂದೆ ಒಬ್ಬ ನಿಂತ್ಕಂಡು ತೊಡೆ ಮ್ಯಾಲೆ ತಾಳ ಹಾಕ್ತಾವ್ನೆ. ಕುರಿ ಎಲ್ಲೋ, ಇವ್ನೆಲ್ಲೋ. ನಾನು ನಕ್ಕಿದ್ದೇ ನಕ್ಕಿದ್ದು. ವರ್ಷ ತುಂಬೋದ್ರೊಳಗೆ ಅವ್ನನ್ನೇ ತಂದು ನಮ್ಮ ಮನೆ ಜಗಲಿ ಮ್ಯಾಲೆ ಕೂರಿಸವ್ರೆ, ಗಂಡು ಅಂತ."

"ಒಪ್ಪಿದ್ದು ಯಾಕೆ ಮತ್ತೆ?"

"ಬ್ಯಾಡ ಅನ್ನಾಕೆ ಬಾಯಿ ತೆಗೆದೆ. ನನ್ನ ಮುಖ ನೋಡ್ತಿದ್ದ. ಬ್ಯಾರೆಯೋರು ಮುಖ ನೋಡ್ತಾರಲ್ಲ, ಹಂಗಲ್ಲ. ಓದ್ತಾರಲ್ಲ, ಹಂಗೆ. ಇಷ್ಟು ನಿಗಾ ಇಟ್ಟು ನನ್ನ ಯಾರೂ ನೋಡಿರ್ಲಿಲ್ಲ ಕಣಕ್ಕ. ಬಾಯಿ ಮುಚ್ಕಂಡೆ."

ಕುರಿ ಮಾರಿದ ಮೇಲೆ ಮರಿಯಣ್ಣ ಅರಸೀಕೆರೆಯಲ್ಲಿ ಷಡಕ್ಷರಪ್ಪನವರ ಕೊಬ್ಬರಿ ಗೋದಾಮಿಗೆ ಸೇರಿದ. ಷಡಕ್ಷರಪ್ಪನವರೂ ಒಳಗಿನವರೇ, ಅಮ್ಮನನ್ನು ಬಿಟ್ಟರೆ ಎಲ್ಲರಿಗಿಂತ ಹಿರಿಯರು. ಗುರುಮನೆಯ ಹೊಸ್ತಿಲೊಳಗೆ ಎಲ್ಲರೂ ಅಕ್ಕ ಅಣ್ಣ ಎಂದು ಕರೆಯಬೇಕೆಂಬ ಪದ್ಧತಿಯಿದೆ. ಹಾಗಾಗಿ ತಮ್ಮ ಕೂಲಿಯವನ ಹೆಂಡತಿಯನ್ನು ಅವರು ಅಂಗಳದಲ್ಲಿ ಬೀರಮ್ಮಕ್ಕ ಎನ್ನುತ್ತಿದ್ದರು. ಗೋದಾಮಿನಲ್ಲಿ ಅವಳು ಬರಿಯ ಬೀರಮ್ಮ, ಅವರು ಯಜಮಾನರು. ಇದರಲ್ಲಿ ಇಬ್ಬರಿಗೂ ಗೊಂದಲವಿರಲಿಲ್ಲ. ಬೀರಮ್ಮನಿಗೆ ಸಿಟ್ಟು ಬಂದಾಗ ಮಾತ್ರ ಅವಳು ಗೋದಾಮಿನಲ್ಲೂ ಅಣ್ಣಾ ಎಂದು ಕರೆಯುತ್ತಿದ್ದಳು. ಆಗ ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ವಿಷಯ ಶುರುವಾದದ್ದು ಆ ಕಣದ ಕೂಟಕ್ಕೂ ಮೊದಲು, ಒಳಗಿನವಳಾದ ಬೇಲೂರಿನ ಜಾನಕಮ್ಮ ತೀರಿಕೊಂಡಾಗ. ಒಳಗಿನವರನ್ನು ಗುರುಮನೆಯ ಹಿಂದಿನ ತೋಪಿನಲ್ಲಿ ಕುಳ್ಳಿರಿಸಿ ಮಣ್ಣು ಮಾಡುತ್ತಾರೆ. ಗಂಡ ಹೆಂಡತಿ ಇಬ್ಬರೂ ಒಳಗಿನವರಾಗಿದ್ದರೆ ಅಕ್ಕಪಕ್ಕ ಕೂರಿಸುತ್ತಾರೆ. ಹೊರಗಿನವರಿಗೆ ಅಲ್ಲಿ ಜಾಗವಿಲ್ಲ. ಜಾನಕಮ್ಮನನ್ನು ಅವಳ ಗಂಡನ ಪಕ್ಕದಲ್ಲಿ ಕೂರಿಸಲು ಗುಂಡಿ ತೋಡಿದ್ದು ಮರಿಯಣ್ಣನೇ.

ಮಣ್ಣು ಮುಚ್ಚಿ ಎಲ್ಲರೂ ಕೈಕಾಲು ತೊಳೆಯಲು ಹೋದಾಗ ಅವನು ಬೀರಮ್ಮನ ಸೆರಗು ಹಿಡಿದು ನಿಲ್ಲಿಸಿದನಂತೆ. ಮೊದಲು ಅವಳನ್ನು ತೋರಿಸಿ ನೆಲ ತೋರಿಸಿದ. ನೀನು ಇಲ್ಲಿಗೆ ಬರುತ್ತೀಯಲ್ಲ ಎಂಬ ಅರ್ಥ. ಅವಳು ಹೌದೆಂದು ತಲೆಯಾಡಿಸಿದಳು. ಆಮೇಲೆ ತನ್ನ ಎದೆ ಮುಟ್ಟಿಕೊಂಡು ಅದರ ಪಕ್ಕದ ನೆಲ ತೋರಿಸಿದ.

"ಏನಂತ ಹೇಳ್ಲಕ್ಕ?" ಎಂದಳು ಬೀರಮ್ಮ, ಅವತ್ತು ಅವರೆಕಾಳು ಬಿಡಿಸುವುದನ್ನು ನಿಲ್ಲಿಸಿ. "ಸುಳ್ಳು ಹೇಳಾಕೆ ನಂಗೆ ಕೈ ಬರಲ್ಲ. ಬಾಯಲ್ಲಾದ್ರೆ ಏನೋ ಒಂದು ಹೇಳ್ಬೋದು. ಇಲ್ಲ ಅಂತ ಕೈ ಆಡಿಸ್ದೆ. ಎಲ್ಲಿ ಅಂತ ಕೇಳಿದ್ರು. ಊರ ಹೊರಗೆ, ಹಳ್ಳದ ದಂಡೇಲಿ ಅಂದೆ. ಆವತ್ತು ಮನೆಗೆ ಬಂದು ಉಂಡ್ರು, ಮಲಗಿದ್ರು. ಏನೂ ಆಗದಿದ್ದೋರಂಗೆ. ಆದ್ರೆ ಆವತ್ತಿಂದ ನನ್ನ ಮುಖ ನೋಡೋದು ಕಮ್ಮಿ ಮಾಡಿದ್ರು ಕಣಕ್ಕ."

ಆ ಕಣದ ಕೂಟ ಮುಗಿದು ಒಂದು ವಾರಕ್ಕೆ ಬೀರಮ್ಮ ಗುರುಮನೆಗೆ ಬಂದು ಅಮ್ಮನ ಮುಂದೆ ಕೂತಳು. ಅಮ್ಮನ ಹೆಸರು ಸುಮಿತ್ರಮ್ಮ. ಮಾವನಿಂದ ಗುರುಸ್ಥಾನ ಪಡೆದವರು, ಎಲೆಯಡಿಕೆ ಹಾಕಿಕೊಂಡು ಕೇಳುವುದು ಹೆಚ್ಚು, ಆಡುವುದು ಕಡಿಮೆ. ಷಡಕ್ಷರಪ್ಪನವರೂ ಇದ್ದರು. ಬೀರಮ್ಮನ ಮಗಳು ಕಾವ್ಯಶ್ರೀ ತಾಯಿಯ ಜೊತೆ ಬಂದಿದ್ದಳು. ಅರಸೀಕೆರೆಯ ಆಸ್ಪತ್ರೆಯೊಂದರಲ್ಲಿ ನರ್ಸಾಗಿರುವ ಹುಡುಗಿ, ಇನ್ನೂ ಸೊಲ್ಲು ಪಡೆದವಳಲ್ಲ. ನಾನು ಅಂಗಳದ ಮೂಲೆಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದೆ.

"ನಮ್ಮ ಯಜಮಾನ್ರಿಗೆ ಸೊಲ್ಲು ಕೊಡ್ಬೇಕು" ಎಂದಳು ಬೀರಮ್ಮ. ಸುತ್ತಿ ಬಳಸಿ ಮಾತಾಡುವ ಹೆಂಗಸಲ್ಲ.

ಅಮ್ಮ ಎಲೆಗೆ ಸುಣ್ಣ ಹಚ್ಚಿದರು. ಷಡಕ್ಷರಪ್ಪನವರು ನಿಧಾನವಾಗಿ ಕೇಳಿದರು. "ಹ್ಯಾಗೆ ಕೊಡೋದು ಬೀರಮ್ಮಕ್ಕ? ಮರಿಯಣ್ಣನ ಮೇಲೆ ನಂಗೆ ನಿಮಗಿಂತ ಕಮ್ಮಿ ಅಭಿಮಾನ ಇಲ್ಲ. ಆದ್ರೆ ಸೊಲ್ಲು ಹೋಗೋ ದಾರಿ ಕಿವಿ."

"ಅಪ್ಪಂಗೆ ಮಷೀನ್ ಹಾಕ್ಸೋಣ ಅಂತ ಹಾಸನಕ್ಕೂ ಹೋಗಿದ್ವಿ ಅಂಕಲ್" ಎಂದಳು ಕಾವ್ಯಶ್ರೀ. "ನರಾನೇ ಹೋಗಿದೆ, ಮಷೀನಿಂದ ಆಗಲ್ಲ ಅಂದ್ರು. ಬೇರೆ ಏನಾದ್ರೂ ಮಾಡಕ್ಕಾಗಲ್ವಾ? ಸನ್ನೆಲಿ ಹೇಳಿದ್ರೆ?"

"ಸನ್ನೆ ಮಾಡಿದ್ರೆ ಅಂಗಳದಲ್ಲಿರೋರು ನೋಡಲ್ವೇನಮ್ಮಾ? ಎಲ್ಲರ ಕಣ್ಣೆದುರಿಗೆ ಕೊಡ್ಬೇಕು, ಒಬ್ರಿಗೆ ಮಾತ್ರ ಸಿಗ್ಬೇಕು. ಇದು ನಾನು ಮಾಡಿದ ಕಟ್ಟಳೆ ಅಲ್ಲ. ಆಮೇಲೆ ಸೊಲ್ಲು ಸುತ್ತುವಾಗ ಅವನು ಎಲ್ಲಿ ಕೂತಿರ್ತಾನೋ ಅಲ್ಲಿಗೆ ಅದು ನಿಂತುಹೋಗುತ್ತೆ. ಆ ಕೂಟಕ್ಕೆ ಬಾಗಿಲು ತೆಗೆಯೋ ಹಾಗಿಲ್ಲ." ಅವರ ದನಿಯಲ್ಲಿ ಗಡಸು ಇರಲಿಲ್ಲ. ಭಯ ಇತ್ತು. ಅಷ್ಟು ಕಾಲದಿಂದ ಬಂದದ್ದು ತಮ್ಮ ಕಣ್ಣೆದುರು ಕಡಿದುಹೋಗಬಾರದೆಂಬ ಭಯ. ಅದನ್ನು ಕಂಡು ನನಗೆ ಅವರ ಮೇಲೆ ಬೇಸರ ಬರಲಿಲ್ಲ.

ಅಮ್ಮ ಎಲೆಯಡಿಕೆ ಉಗಿದು ಬಂದು, "ಬಿತ್ತನೆ ಕೂಟ ಇನ್ನೂ ದೂರ ಐತೆ. ನೋಡಾಣ" ಎಂದು ಒಳಗೆ ಹೋದರು.

ಮಾಘ ಕಳೆದು ಬಿಸಿಲು ಏರಿತು. ಒಂದು ದಿನ ನಾನು ಮನೆಗೆ ಕೊಬ್ಬರಿ ತರಲು ಗೋದಾಮಿಗೆ ಹೋದಾಗ ಬೀರಮ್ಮ ಗಂಡನಿಗೆ ಊಟದ ಡಬ್ಬಿ ತಂದಿದ್ದಳು. ಆ ದಿನ ಅಟ್ಟದಿಂದ ಕಾಯಿ ಇಳಿಸುತ್ತಿದ್ದರು. ಕೊಬ್ಬರಿಯಾಗಲು ಬಿಟ್ಟ ತೆಂಗಿನಕಾಯಿ ಅಟ್ಟದ ಮೇಲೆ ವರ್ಷ ಹತ್ತಿರ ಹತ್ತಿರ ಒಣಗುತ್ತದೆ. ಒಳಗಿನ ತಿರುಳು ಕರಟ ಬಿಟ್ಟಿದೆಯೋ ಇಲ್ಲವೋ ಎಂದು ಅಲ್ಲಾಡಿಸಿ ನೋಡಬೇಕು. ಬಿಟ್ಟಿದ್ದರೆ ಒಳಗೆ ಗುಡುಗುಡು ಎನ್ನುತ್ತದೆ. ಷಡಕ್ಷರಪ್ಪನವರು ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಪಕ್ಕದಲ್ಲಿ ಮರಿಯಣ್ಣ ಎರಡು ಕೈಯಲ್ಲಿ ಎರಡು ಕಾಯಿ ಹಿಡಿದು ಒಮ್ಮೆ ಆಡಿಸಿ, ಒಂದನ್ನು ಬಲಕ್ಕೆ, ಒಂದನ್ನು ಎಡಕ್ಕೆ ಎಸೆಯುತ್ತಿದ್ದ. ಅವನು ಕಿವಿಗೆ ಹಿಡಿಯುತ್ತಿರಲಿಲ್ಲ. ಅಂಗೈಯಲ್ಲೇ ತಿಳಿಯುತ್ತಿತ್ತು.

ಬೀರಮ್ಮ ಡಬ್ಬಿ ಕೆಳಗಿಟ್ಟಳು. "ಅಣ್ಣಾ" ಎಂದಳು.

ಷಡಕ್ಷರಪ್ಪನವರ ಕೈ ಕನ್ನಡಕಕ್ಕೆ ಹೋಯಿತು.

"ನಿಮ್ಮ ಅಟ್ಟದಾಗೆ ಇವರ ಕೈಗೆ ಕೇಳ್ತೈತೆ. ಗುರುಮನೇಲಿ ಮಾತ್ರ ಕೇಳಾಕಿಲ್ವಾ?"

"ಅದು ಕಾಯಿ ಬೀರಮ್ಮ. ಇದು ಸೊಲ್ಲು."

"ಕಾಯೊಳಗೆ ಕೊಬ್ರಿ ಆಡಿದ್ರೆ ಕೈಗೆ ಸಿಗುತ್ತೆ. ಗಂಟ್ಲೊಳಗೆ ಮಾತು ಆಡಿದ್ರೆ ಸಿಗಲ್ವಾ ಅಂತ ಕೇಳ್ದೆ. ತಪ್ಪಾಗಿದ್ರೆ ಬಿಡಿ, ನಾನು ಮುದ್ದೆ ತಣ್ಣಗಾಗೋದ್ರೊಳಗೆ ಇವ್ರಿಗೆ ಬಡಿಸ್ತೀನಿ."

ಅವರು ಆ ಕಾಯಿಯನ್ನು ಇನ್ನೊಮ್ಮೆ ಅಲ್ಲಾಡಿಸಿದರು, ಈ ಸಲ ಕಿವಿಗೆ ಹಿಡಿಯದೆ. ಆಮೇಲೆ ಅದನ್ನು ಕೆಳಗಿಟ್ಟು, ಮರಿಯಣ್ಣನ ಬಲಗೈಯನ್ನು ಎಳೆದು ತಮ್ಮ ಗಂಟಲಿಗೆ ಒತ್ತಿಕೊಂಡರು. ಅಷ್ಟು ವರ್ಷ ತಾನು ಕೆಲಸಕ್ಕಿದ್ದ ಯಜಮಾನರ ಕುತ್ತಿಗೆ ಮುಟ್ಟಲು ಅವನು ಹೆದರಿ ಕೈ ಹಿಂದಕ್ಕೆಳೆದ. ಅವರು ಬಿಡಲಿಲ್ಲ. ಕಣ್ಣು ಮುಚ್ಚಿ ಹೇಳಿದರು.

"ಮರಿಯಣ್ಣ."

ಮತ್ತೊಮ್ಮೆ ಹೇಳಿದರು. ಇನ್ನೊಮ್ಮೆ ಅವನ ಎದೆಗೆ ಬೆರಳಿಟ್ಟು ಹೇಳಿದರು. ಮರಿಯಣ್ಣನ ಮುಖದಲ್ಲಿ ಆಗ ಆದದ್ದನ್ನು ಹೇಗೆ ಬರೆಯುವುದೋ ತಿಳಿಯದು. ಮೊದಲು ಹುಬ್ಬು ಗಂಟಾದವು. ಆಮೇಲೆ ಅವನ ಇನ್ನೊಂದು ಕೈ ತಾನಾಗಿ ಮೇಲೆದ್ದು ಅವನದೇ ಗಂಟಲನ್ನು ಹುಡುಕಿಕೊಂಡು ಹೋಯಿತು. ತುಟಿ ಒಂದಕ್ಕೊಂದು ಕೂಡಿದವು. ಒಂದು ಸದ್ದು ಬಂತು. ಗೋದಾಮಿನ ತಗಡು ಅದುರುವಷ್ಟು ಗಟ್ಟಿಯಾಗಿ ಬಂತು.

"ಮಯ್ಯಣ್ಣ!"

ಕಾಯಿ ಸುಲಿಯುತ್ತಿದ್ದವರು ಹಾರಿಬಿದ್ದರು. ಒಬ್ಬ, "ಏನ್ಲಾ ಇದು, ಮರಿಯಣ್ಣಂಗೆ ಮಾತು ಬತ್ತಲ್ಲೋ" ಎಂದು ನಕ್ಕ. ಬೀರಮ್ಮ ನಗಲಿಲ್ಲ. ಮದುವೆಯಾದಂದಿನಿಂದ ಅವಳು ಗಂಡನ ಹೆಸರನ್ನು ಅವನ ಬಾಯಲ್ಲಿ ಕೇಳಿರಲಿಲ್ಲ. ಅವಳು ಡಬ್ಬಿಯ ಮುಚ್ಚಳವನ್ನು ತೆಗೆದು, ಮತ್ತೆ ಮುಚ್ಚಿ, ಮತ್ತೆ ತೆಗೆದಳು.

ಷಡಕ್ಷರಪ್ಪನವರು ಮೂಟೆಯ ಮೇಲೆ ಕೂತುಬಿಟ್ಟರು. "ಸಿಗುತ್ತೆ" ಎಂದರು. ಏನೋ ಪಿಸುಗುಟ್ಟಿ ತಮ್ಮ ಗಂಟಲು ಮುಟ್ಟಿ ನೋಡಿಕೊಂಡು, "ಆದ್ರೆ ಪಿಸುಮಾತಿನಲ್ಲಿ ಗಂಟಲು ಆಡಲ್ಲ ಕಣವ್ವ. ಬಾಯಿಬಿಟ್ಟು ಆಡಿದ್ರೆ ಮಾತ್ರ ಸಿಗುತ್ತೆ. ಬಾಯಿಬಿಟ್ಟರೆ ಊರಿಗೆಲ್ಲ ಕೇಳುತ್ತೆ. ಇವನು ತಿರುಗಿ ಒಪ್ಪಿಸಬೇಕಲ್ಲ, ಇವನಂತೂ ಹೀಗೆ ಕೂಗ್ತಾನೆ" ಎಂದರು. ಅವರ ಮುಖ ಬಾಡಿತ್ತು. ಬೇಡ ಎಂದು ಹೇಳಿದವರೇ ಈಗ ಹೇಗಾದರೂ ಆಗಲಿ ಎಂದು ದಾರಿ ಹುಡುಕುತ್ತಿದ್ದರು.

ಅವರೇ ಬೀರಮ್ಮನನ್ನೂ ಕರೆದುಕೊಂಡು ಕಾರಿನಲ್ಲಿ ಕಣಕಟ್ಟೆಗೆ ಹೋಗಿ ಅಮ್ಮನಿಗೆ ಎಲ್ಲ ಹೇಳಿದರಂತೆ. ಹೊರಗಿನವರನ್ನೆಲ್ಲ ಆ ದಿನ ದೂರ ಕಳಿಸಿಬಿಡೋಣವೇ ಎಂದೂ ಕೇಳಿದರಂತೆ. ಅಮ್ಮ ಒಪ್ಪಲಿಲ್ಲ. ಎಲ್ಲರ ಕಣ್ಣೆದುರಿಗೆ ಕೊಡಬೇಕೆಂಬುದೂ ಕಟ್ಟಳೆಯೇ, ಗುಟ್ಟನ್ನು ಉಳಿಸಿಕೊಳ್ಳಲು ಇದನ್ನು ಬಿಡುವುದು ಬೇಡ ಎಂದರಂತೆ. ಬಾಯಲ್ಲಿದ್ದ ಎಲೆಯಡಿಕೆ ಅಗಿದು ಮುಗಿಸಿ ಕೊನೆಗೆ ಹೇಳಿದರಂತೆ. "ಕೇಳಬಾರದೋರ ಕಿವಿ ಮುಚ್ಚೋದು ಯಾಕೆ? ಅವರ ಬಾಯಿ ತೆರೆಸಿದ್ರಾಯ್ತು."

ಬಿತ್ತನೆ ಕೂಟದ ಬೆಳಿಗ್ಗೆ ಮೋಡ ಕಟ್ಟಿತ್ತು, ಹಿಂದಿನ ಸಂಜೆಯ ಮಳೆಗೆ ಅಂಗಳದ ಮಣ್ಣು ಇನ್ನೂ ಹಸಿಯಾಗಿತ್ತು. ಎಲ್ಲರ ಮನೆಯ ಬೀಜ ಮೊರ ಸೇರಿದ ಮೇಲೆ ಅಮ್ಮ ನಮ್ಮನ್ನೆಲ್ಲ ಸುತ್ತಲೂ ನಿಲ್ಲಿಸಿದರು. ಒಳಗಿನವರು, ಹೊರಗಿನವರು, ಮಕ್ಕಳು, ಎಲ್ಲರನ್ನೂ. ನಡುವೆ ಚಾಪೆಯ ಮೇಲೆ ಮರಿಯಣ್ಣ ಸ್ನಾನ ಮಾಡಿ ಬಿಳಿ ಪಂಚೆ ಉಟ್ಟು ಕೂತಿದ್ದ. ಅವನ ಮುಂದೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿದ್ದರು. ಸೊಲ್ಲು ಪಡೆಯುವವರು ಆ ಹೊಗೆ ಆರುವುದರೊಳಗೆ ಅದನ್ನು ಗುರುವಿಗೆ ತಿರುಗಿ ಒಪ್ಪಿಸಬೇಕು. ಒಪ್ಪಿಸಲಾಗದಿದ್ದರೆ ಎದ್ದು ಹೋಗಬೇಕು, ಅವರಿಗೆ ಮತ್ತೆ ಕೊಡುವಂತಿಲ್ಲ. ಇದು ಎಲ್ಲರಿಗೂ ಗೊತ್ತಿತ್ತು. ಸನ್ನೆಯಲ್ಲಿ ಬೀರಮ್ಮ ಅವನಿಗೂ ತಿಳಿಸಿದ್ದಳು.

"ಎಲ್ರೂ ಹಾಡ್ಬೇಕು" ಎಂದರು ಅಮ್ಮ. "ಒಳಗಿನೋರು ಅವನಿಗಾಗಿ ಹಾಡಿ. ಹೊರಗಿನೋರು ನಿಮಗಾಗಿ ಹಾಡಿ. ನಿಮಗೆ ಸಲ್ಲದ್ದು ನಿಮ್ಮ ಕಿವಿಗೆ ಬೀಳದ ಹಾಗೆ ನೋಡ್ಕಳೋ ಜವಾಬ್ದಾರಿ ನಿಮ್ಮದೇ. ನಾನು ಕೈ ಎತ್ತೋವರೆಗೆ ಯಾರೂ ನಿಲ್ಲಿಸಂಗಿಲ್ಲ."

ಬಿತ್ತನೆ ಕೂಟಕ್ಕೆ ಹಾಡುವ ಪದ ಒಂದೇ ಸಾಲಿನದು. ಬಾ ಬೆಳಕೇ, ಬಿತ್ತಿದವರ ಬಯಲಿಗೆ ಬಾ. ಕಾವ್ಯಶ್ರೀ ಶುರು ಮಾಡಿದಳು. ಅವಳ ಹಿಂದೆ ನಾವೆಲ್ಲ ಎತ್ತಿಕೊಂಡೆವು. ದಮ್ಮಡಿ ಬಡಿದರು, ತಾಳ ಹಾಕಿದರು. ಅಮ್ಮ ಮರಿಯಣ್ಣನ ಎದುರಿಗೆ ಕೂತು ಅವನ ಬಲಗೈಯನ್ನು ತಮ್ಮ ಗಂಟಲಿಗೆ ಇಟ್ಟುಕೊಂಡರು. ಅವರ ತುಟಿ ಆಡಿತು.

ನಾನು ಅವರಿಂದ ಬಹಳ ದೂರದಲ್ಲಿರಲಿಲ್ಲ. ಹಾಡುವುದನ್ನು ಒಂದು ಗಳಿಗೆ ಬಿಟ್ಟಿದ್ದರೆ ಕೇಳಿಸುತ್ತಿತ್ತೇನೋ. ಆದರೆ ಬಿಡಬೇಕೆಂದು ಅನಿಸಲಿಲ್ಲ. ಅಲ್ಲಿದ್ದ ಯಾರಿಗೂ ಅನಿಸಿದಂತೆ ಕಾಣಲಿಲ್ಲ. ಯಾವುದನ್ನು ತಿಳಿಯಬೇಕೆಂದು ಇಷ್ಟು ವರ್ಷ ಬಾಗಿಲ ಹೊರಗೆ ಕಾದಿದ್ದೆವೋ ಅದು ನಮ್ಮ ನಡುವೆ ಬಯಲಿನಲ್ಲಿ, ಹಗಲಿನಲ್ಲಿ, ಬಾಯಿಬಿಟ್ಟು ಆಡಲ್ಪಡುತ್ತಿತ್ತು. ನಾವು ಅದಕ್ಕೆ ನಮ್ಮ ದನಿಯನ್ನೇ ಗೋಡೆ ಮಾಡಿ ನಿಂತಿದ್ದೆವು.

ಅಮ್ಮ ಎಷ್ಟೋ ಸಲ ಹೇಳಿದರು. ಮರಿಯಣ್ಣ ಕಣ್ಣು ಮುಚ್ಚಿ ಕೇಳಿದ, ಅಂದರೆ ಕೈಯಲ್ಲಿ ಹಿಡಿದ. ಆಮೇಲೆ ಅವನ ಬಾಯಿ ತೆರೆಯಿತು. ಷಡಕ್ಷರಪ್ಪನವರು ಅದನ್ನು ಕಂಡು ಎರಡೂ ಕೈ ಮೇಲೆತ್ತಿ ದನಿ ಏರಿಸಿದರು. ನಾವೂ ಏರಿಸಿದೆವು. ಅಮ್ಮ ಅವನ ಬಾಯಿಗೆ ಕಿವಿ ಕೊಟ್ಟು ಕೇಳಿ, ಇಲ್ಲ ಎಂದು ತಲೆಯಾಡಿಸಿದರು. ಮತ್ತೆ ಅವನ ಕೈ ಅವರ ಗಂಟಲಿಗೆ ಹೋಯಿತು. ಮತ್ತೆ ಅವನ ಬಾಯಿ ತೆರೆಯಿತು. ಮತ್ತೆ ಇಲ್ಲ.

ಸಾಂಬ್ರಾಣಿಯ ಹೊಗೆ ತೆಳುವಾಗುತ್ತ ಬಂತು. ಅದಕ್ಕೆ ಮತ್ತೆ ಪುಡಿ ಹಾಕುವಂತಿಲ್ಲ, ಕೆಂಡ ಊದುವಂತಿಲ್ಲ. ಮರಿಯಣ್ಣನ ಹಣೆಯಿಂದ ಬೆವರು ಇಳಿದು ಗಡ್ಡದಲ್ಲಿ ನಿಂತಿತ್ತು. ಹಾಡಿ ಹಾಡಿ ನಮ್ಮ ಗಂಟಲು ಕಟ್ಟುತ್ತಿತ್ತು. ಒಬ್ಬರು ಉಸಿರು ತೆಗೆದುಕೊಳ್ಳುವಾಗ ಪಕ್ಕದವರು ಸಾಲು ಹಿಡಿಯುವರು. ಬೀರಮ್ಮ ಗಂಡನ ಮುಖ ನೋಡುತ್ತ, ಕಣ್ಣಲ್ಲಿ ನೀರಿಲ್ಲದೆ, ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದಳು. ಅವನು ಸೋತು ಎದ್ದು ಹೋದರೆ ತಾನು ತೋಪಿನಲ್ಲಿ ಒಬ್ಬಳೇ ಕೂರಬೇಕು, ಅವನು ಹಳ್ಳದ ದಂಡೆಯಲ್ಲಿ ಒಬ್ಬನೇ ಮಲಗಬೇಕು. ಅದು ಅವಳ ದನಿಯಲ್ಲಿತ್ತು.

ಹೊಗೆ ಒಂದು ಎಳೆಯಾಗಿ ಉಳಿದಾಗ ಮರಿಯಣ್ಣ ಒಂದು ಕೆಲಸ ಮಾಡಿದ. ಬಲಗೈಯನ್ನು ಅಮ್ಮನ ಗಂಟಲ ಮೇಲೆ ಇಟ್ಟ ಹಾಗೇ ಎಡಗೈಯನ್ನು ತನ್ನ ಗಂಟಲ ಮೇಲೆ ಇಟ್ಟುಕೊಂಡ. ಅಮ್ಮ ಹೇಳುತ್ತಿದ್ದಾಗಲೇ ತಾನೂ ಹೇಳತೊಡಗಿದ. ಎರಡು ಕೈಗಳೂ ಒಂದನ್ನೊಂದು ತೂಗಿ ನೋಡುತ್ತಿದ್ದವು. ಕೊಂಚ ಹೊತ್ತಿನಲ್ಲಿ ಅಮ್ಮ ತಾವು ಹೇಳುವುದನ್ನು ನಿಲ್ಲಿಸಿದರು. ಅವನ ತುಟಿ ಮಾತ್ರ ಆಡುತ್ತಿತ್ತು. ಅಮ್ಮ ಕಿವಿ ಕೊಟ್ಟರು. ಬಹಳ ಹೊತ್ತು ಆ ಕಿವಿ ತೆಗೆಯಲಿಲ್ಲ.

ಸೊಲ್ಲು ಪಡೆದವರ ಕಿವಿಗೆ ವಿಭೂತಿ ಹಚ್ಚುವುದು ವಾಡಿಕೆ. ಅಮ್ಮ ಭರಣಿಯಿಂದ ವಿಭೂತಿ ತೆಗೆದು ಮರಿಯಣ್ಣನ ಕಿವಿಯವರೆಗೆ ಒಯ್ದು, ಅಲ್ಲಿ ನಿಲ್ಲಿಸಿ, ಕೈ ಕೆಳಗಿಳಿಸಿ, ಅವನ ಬಲಗೈ ತೆರೆದು ಅಂಗೈ ತುಂಬ ಹಚ್ಚಿದರು. ಆಮೇಲೆ ತಮ್ಮ ಕೈ ಮೇಲೆತ್ತಿದರು.

ನಾವು ನಿಲ್ಲಿಸಿದೆವು. ಆಗ ಬಂದ ಮೌನದಂಥದ್ದನ್ನು ನಾನು ಯಾವ ಗುಡಿಯ ಗರ್ಭಗೃಹದ ಮುಂದೆಯೂ ಕಂಡಿಲ್ಲ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನನ್ನ ಪಕ್ಕದಲ್ಲಿದ್ದ ಮುದುಕಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮರಿಯಣ್ಣ ತನ್ನ ಅಂಗೈಯನ್ನು ಬಿಚ್ಚಿದ ಹಾಗೇ ಹಿಡಿದು ಕೂತಿದ್ದ, ಮುಚ್ಚಿದರೆ ಎಲ್ಲಿ ಅಳಿಸೀತೋ ಎಂಬಂತೆ. ಬೀರಮ್ಮ ಬಂದು ಅವನ ತೋಳು ಹಿಡಿದು ಎಬ್ಬಿಸಿದಾಗ ಅವನು ಅವಳ ಮುಖವನ್ನು ಓದಿದ.

ಆಮೇಲೆ ಒಳಗಿನವರು ಸೊಲ್ಲು ಸುತ್ತಲು ಹೊರಟರು. ಮರಿಯಣ್ಣ ಹೊಸ್ತಿಲ ಬಳಿ ಅಭ್ಯಾಸಬಲದಿಂದ ಪಕ್ಕಕ್ಕೆ ಸರಿದು ನಿಂತ. ಷಡಕ್ಷರಪ್ಪನವರು ಒಳಗಿನಿಂದ, "ಮರಿಯಣ್ಣಾ, ನೀವೆಲ್ಲಿ ಹೊರಟ್ರಿ" ಎಂದು, ಮಾತು ಕೇಳಿಸದೆಂದು ಆಗ ನೆನಪಾಗಿ, ಎದ್ದು ಬಂದು ಅವನ ಕೈ ಹಿಡಿದು ಕರೆದೊಯ್ದರು. ತಮ್ಮ ಎಡಕ್ಕೆ ಅವನನ್ನು ಕೂರಿಸಿಕೊಂಡರು. ಅವನ ಆ ಕಡೆಗೆ ಬೀರಮ್ಮ. ಬಾಗಿಲು ಮುಚ್ಚುವ ಮುಂಚೆ ಅಷ್ಟು ಕಂಡಿತು.

ನಾವು ಹೊರಗೆ ಎಂದಿನಂತೆ ಸುಮ್ಮನೆ ಕೂತೆವು. ಮುಂದಿನದು ನಮಗೆ ಯಾರೂ ಹೇಳಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ ಬಾಗಿಲಿಗೆ ಯಾರೋ ಬಡಿದರು. ಕಾವ್ಯಶ್ರೀ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಸೊಲ್ಲು ಬೀರಮ್ಮನವರೆಗೆ ಬಂದಿದೆ, ಅವಳು ಈಗ ಬಾಯಿಬಿಟ್ಟು ಅದನ್ನು ಅವನ ಕೈಗೆ ಕೊಡಬೇಕು, ಅವನು ಷಡಕ್ಷರಪ್ಪನವರಿಗೆ ದಾಟಿಸಬೇಕು, ಅವನಿಗೆ ಪಿಸುಗುಟ್ಟಲು ಬಾರದು. ಅವಳು ಹಾಡತೊಡಗಿದಳು, ಕಟ್ಟಿದ ಗಂಟಲಿನಲ್ಲೇ ನಾವೆಲ್ಲ ಕೂಡಿಕೊಂಡೆವು. ಇನ್ನೊಮ್ಮೆ ಬಡಿದ ಸದ್ದಾಗುವವರೆಗೆ ಹಾಡಿದೆವು.

ಈಗ ಮೂರು ಕೂಟಗಳಲ್ಲೂ ಹೀಗೇ ನಡೆಯುತ್ತದೆ. ಮೊದಲು ಹೊರಗಿನವರಿಗೆ ಆ ಪೂಜೆಯಲ್ಲಿ ಕಾಯುವುದು ಬಿಟ್ಟರೆ ಬೇರೆ ಪಾಲಿರಲಿಲ್ಲ. ಈಗ ಬಾಗಿಲಿಗೆ ಬಡಿದ ಸದ್ದು ಕೇಳುತ್ತಲೇ ಸೊಲ್ಲು ಎಲ್ಲಿದೆ ಎಂದು ನಮಗೆ ತಿಳಿಯುತ್ತದೆ. ಹೆಚ್ಚುವ ಕತ್ತಿ ಕೆಳಗಿಟ್ಟು ನಾವು ಎದ್ದು ನಿಲ್ಲುತ್ತೇವೆ, ಮರಿಯಣ್ಣ ಅದನ್ನು ಆಡಿ ಮುಗಿಸುವವರೆಗೆ ಹಾಡುತ್ತೇವೆ.